ಹಳ್ಳದ ಆಚೆ ಸಾವಿಲ್ಲ

೧೯೯೮ರ ಬೇಸಿಗೆಯಲ್ಲಿ ಒಬ್ಬ ನರ್ಸಮ್ಮನ ಬದುಕನ್ನು ನಾನು ಬುಡಸಮೇತ ಕಿತ್ತು ಬೇರೆಡೆ ನೆಡುವವನಿದ್ದೆ. ಅದೂ ಸದುದ್ದೇಶದಿಂದ! ಆರೋಗ್ಯ ಇಲಾಖೆಯಲ್ಲಿ ಹುಟ್ಟು-ಸಾವಿನ ಅಂಕಿ ಕೂಡಿಸುವ ಗುಮಾಸ್ತ ನಾನು. ಕೂಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಆಗ ತಲೆಗೇರಿತ್ತು.

ಹೊಸಹಳ್ಳಿಯಾಚೆ ಒಂದು ಹಳ್ಳದ ಎರಡು ದಂಡೆಗೆ ಎರಡು ಉಪಕೇಂದ್ರಗಳಿದ್ದವು. ಎರಡೂ ಕಡೆ ಒಂದೇ ಮಣ್ಣು, ಅದೇ ಜೋಳ, ಅದೇ ಶೇಂಗಾ. ಈಚಿನ ಹೆಣ್ಣು ಆಚೆಗೆ, ಆಚಿನ ಹೆಣ್ಣು ಈಚೆಗೆ ಕೊಟ್ಟು ತಂದ ಬಳಗ. ಆದರೆ ವರ್ಷದ ಪಟ್ಟಿ ನೋಡಿದರೆ ಈಚೆ ದಂಡೆಯಲ್ಲಿ ವರ್ಷ ತುಂಬದ ಹನ್ನೊಂದು ಕೂಸುಗಳು ಸತ್ತಿದ್ದವು, ಆಚೆ ಒಂದೂ ಇಲ್ಲ. ಹುಟ್ಟಿದವು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮ. ಈಚೆಯ ನರ್ಸು ನಾಗರತ್ನ, ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದವರು. ಆಚೆಯದು ಪುಷ್ಪಲತಾ, ಮಂಡ್ಯದ ಕಡೆಯಿಂದ ಬಂದು ಎರಡು ವರ್ಷವಾಗಿದ್ದ ಹುಡುಗಿ.

ಎರಡೂ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ. ‘ಹಳೆಯ ನರ್ಸಿಗೆ ಕೆಲಸದಲ್ಲಿ ಆಸಕ್ತಿ ಕುಂದಿದಂತಿದೆ’ ಎಂದು ಯಾರೂ ಕೇಳದಿದ್ದರೂ ಷರಾ ಬರೆದೆ. ನಮ್ಮ ಡಾಕ್ಟರ್ ಶ್ರೀನಾಥ ಅದನ್ನೋದಿ, ನಾಗರತ್ನರನ್ನು ಜಿಲ್ಲೆಯ ಆ ತುದಿಗೆ ಕಳಿಸುವ ಕಾಗದ ಟೈಪು ಮಾಡಿಸಿಬಿಟ್ಟರು.

“ಸೋಮವಾರ ಸಹಿ ಹಾಕ್ತೀನಿ ನಾಗೇಂದ್ರಪ್ಪ. ಅಷ್ಟರೊಳಗ ನೀವೊಮ್ಮಿ ಹೋಗಿ ಕಣ್ಣಿಲೆ ನೋಡಿ ಬರ್ರಿ” ಎಂದರು.

ನಾನು ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿ ಹೋಗಿತ್ತು. ನಾಗರತ್ನ ಕುಳಿತುಕೊಳ್ಳಿ ಎಂದೂ ಅನ್ನಲಿಲ್ಲ.

“ಹನ್ನೊಂದು ಅಂತ ಬರ್ದಾಕಿ ಯಾರ್ರಿ? ನಾನ. ಬರೀಲಿಲ್ಲಂದ್ರ ನಿಮಗೆ ಗೊತ್ತಾಗ್ತಿತ್ತೇನು? ಈ ಊರಾಗಿನ ಅರ್ಧ ಹುಡುಗರ ಹೊಕ್ಕಳ ಕಟ್ಟೀನಿ. ಇವರ್ನ ಬಿಟ್ಟು ಎಲ್ಲಿಗೆ ಹೋಗ್ಲಿ?” ಎಂದರು. ನನಗೆ ಕೆಡುಕೆನಿಸಿತು. ಆದರೂ ಅಂಕಿ ಅಂಕಿಯೇ ಎಂದುಕೊಂಡು ಪಟ್ಟಿ ಮುಂದೆ ಹಿಡಿದೆ. ಅವರು ಅದನ್ನು ನೋಡಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು, “ಬರ್ರಿ, ಆಚಿ ದಂಡಿಗೆ ಹೋಗೂಣು” ಎಂದು ಹೊರಟೇಬಿಟ್ಟರು.

ಹಳ್ಳದಲ್ಲಿ ನೀರಿರಲಿಲ್ಲ, ಐದೇ ನಿಮಿಷದಲ್ಲಿ ದಾಟಿದೆವು. ಪುಷ್ಪಲತಾ ಒಳ್ಳೆಯ ಹುಡುಗಿ, ನಿಂಬೆಹಣ್ಣಿನ ಪಾನಕ ಕೊಟ್ಟು ತಾನೂ ಜೊತೆಗೆ ಬಂದಳು. ಮೊದಲನೇ ಮನೆ ಅಂಜಿನಕ್ಕನದು. ಮುದುಕಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಪುಷ್ಪಲತಾ ಎಂದಿನಂತೆ ವಿನಯದಿಂದ, “ಅಜ್ಜಿ, ಹೋದ ವರ್ಷ ನಿಮ್ಮನೇಲಿ ಯಾರಾದ್ರೂ ತೀರಿಕೊಂಡಿದ್ದಾರಾ?” ಎಂದಳು.

“ಏ, ಇಲ್ಲವ್ವ. ಎಲ್ಲಾರೂ ಗಟ್ಟಿ ಅದೀವಿ. ನನ್ನನ್ನೂ ಇನ್ನೂ ಕರಿಸಿಕೊಳ್ಳವಲ್ಲ ನೋಡು, ಶಿವ!”

ನಾವೆಲ್ಲ ನಕ್ಕೆವು. ನಾನು ಸೊನ್ನೆ ಬರೆದೆ. ನಾಗರತ್ನ ಮಾತ್ರ ನಗದೆ ಅಂಜಿನಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕೂತು ತಾವೂ ನಾಲ್ಕು ಕಾಯಿ ಸುಲಿದರು. ಸೊಸೆ ಹೇಗಿದ್ದಾಳೆ, ಎಮ್ಮೆ ಹಾಲು ಕೊಡುತ್ತದೆಯೇ ಎಂದು ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಯಕ್ಕಾ, ಕೈಗೆ ಹತ್ತಲಾರದ್ದು ಏನರ ಐತೇನು?”

ಮುದುಕಿಯ ಕೈ ನಿಂತಿತು. “ಒಂದೈತವ್ವ. ದೀಪಾವಳಿ ಮುಂದ ಆಗಿತ್ತು. ಗಂಡು. ಐದು ದಿನ ಇತ್ತು.”

ನನಗೆ ರೇಗಿಹೋಯಿತು. “ಅಲ್ಲಬೇ, ಯಾರೂ ಸತ್ತಿಲ್ಲ ಅಂತ ಈಗ ಹೇಳಿದೆಲ್ಲ?”

ಇಷ್ಟು ಓದಿದವನಿಗೆ ಇಷ್ಟೂ ತಿಳಿಯದೇ ಎಂಬಂತೆ ಅಂಜಿನಕ್ಕ ನನ್ನನ್ನು ನೋಡಿದಳು. “ಸಾಯಾಕ ಒಂದು ಹೆಸರರ ಬೇಕಲ್ಲೋ ಎಪ್ಪಾ. ತೊಟ್ಟಿಲಕ್ಕ ಹಾಕಿಲ್ಲ, ಹೆಸರಿಟ್ಟಿಲ್ಲ, ಸೂತಕ ಹಿಡಿದಿಲ್ಲ. ಅದನ್ನ ಸತ್ತತಿ ಅಂತಾರೇನು? ಕೈಗೆ ಹತ್ತಲಿಲ್ಲ, ಅಷ್ಟ.”

ಆ ದಿನ, ಮರುದಿನ, ಹೆರಿಗೆಯಾದ ಅರವತ್ತು ಮನೆ ತಿರುಗಿದೆವು. ಸತ್ತವರು ಯಾರೂ ಇರಲಿಲ್ಲ. ಕೈಗೆ ಹತ್ತದವು ಏಳು. ಇನ್ನರ್ಧ ಮನೆಗಳನ್ನು ಕೇಳುವುದು ಬಾಕಿಯೇ ಇತ್ತು. ಸಾವಿಲ್ಲದ ದಂಡೆಯೇ ಹೆಚ್ಚು ಕೂಸುಗಳನ್ನು ಕಳೆದುಕೊಂಡಿರುವ ಹಾಗಿತ್ತು. ಪುಷ್ಪಲತಾ ಅಳಲು ಶುರುಮಾಡಿದಳು. ನಾಗರತ್ನ ಅವಳ ಬೆನ್ನು ಸವರಿ, “ಅಳಬ್ಯಾಡ. ನೀನು ಪುಸ್ತಕದಾಗಿದ್ದಂಗ ಕೇಳಿದಿ. ನನಗೂ ಇದು ತಿಳಿಯಾಕ ನಾಕು ವರ್ಷ ಹಿಡೀತು” ಎಂದರು. ತನ್ನ ವರ್ಗಾವಣೆಯ ಸಂಕಟದಲ್ಲೂ ಎದುರಾಳಿಯನ್ನು ಸಮಾಧಾನ ಮಾಡುವ ಆ ಹೆಂಗಸನ್ನು ಕಂಡು ನನ್ನ ಕೆಂಪು ಗೆರೆಯ ಬಗ್ಗೆ ನನಗೇ ನಾಚಿಕೆಯಾಯಿತು.

ಭಾನುವಾರ ನಮ್ಮೂರು ನೀಲಗುಂದಕ್ಕೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನ ವರ್ಷ ಮನೆಮನೆಯ ಸಮೀಕ್ಷೆ ನಡೆದಾಗ ನಮ್ಮ ಮನೆಯ ಫಾರಂ ತುಂಬಿದ್ದು ನಾನೇ. ಹುಟ್ಟಿದ ಮಕ್ಕಳು ನಾಲ್ಕು, ಇರುವವರು ನಾಲ್ಕು. ಅವ್ವನನ್ನು ಕೇಳುವ ಗೋಜಿಗೂ ಹೋಗಿರಲಿಲ್ಲ. ಈಗ ಮೊದಲ ರೊಟ್ಟಿ ಮುರಿಯುತ್ತ ಕೇಳಿದೆ.

“ಅವ್ವಾ, ನಮ್ಮ ಮನ್ಯಾಗ ಕೈಗೆ ಹತ್ತಲಾರದ್ದು ಏನರ ಐತೇನು?”

ಬಡಿಯುವ ಸದ್ದು ನಿಲ್ಲಲಿಲ್ಲ, ನಿಧಾನವಾಯಿತು. “ನಿನಗೂ ನಿಮ್ಮಣ್ಣ ಪಾಲಣ್ಣಗೂ ನಡುವ ಒಬ್ಬಾಕಿ ಇದ್ಲು. ಒಂಬತ್ತು ದಿನ. ತಲಿ ತುಂಬ ಕೂದ್ಲು ನೋಡು, ಹುಟ್ಟತಲೆ ಜಡಿ ಹಾಕೂವಷ್ಟು!” ಎಂದು ಅವ್ವ ಹಿಟ್ಟಿನ ಕೈಯಲ್ಲೇ ತಲೆಯ ಅಳತೆ ತೋರಿಸಿದಳು. ಆ ಒಂಬತ್ತು ದಿನದ ಕಥೆ ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು. ಅತ್ತಾಳೆಂದು ಹೆದರಿದ್ದ ನಾನು ಬೆಪ್ಪಾಗಿ ಕೇಳುತ್ತ ಕೂತೆ.

“ಇಷ್ಟು ದಿವಸ ಯಾಕ ಹೇಳಲಿಲ್ಲಬೇ?”

“ಯಾರು ಕೇಳಿದ್ರೋ?”

ಅಷ್ಟು ಹಿತವಾಗಿ ನಾನು ಅವ್ವನ ಹತ್ತಿರ ಕೂತು ಉಂಡು ಎಷ್ಟೋ ವರ್ಷವಾಗಿತ್ತು. ಎರಡು ರೊಟ್ಟಿ ಹೆಚ್ಚೇ ತಿಂದೆ.

ಸೋಮವಾರ ಡಾಕ್ಟರ್ ಕಾಗದ ಮುಂದಿಟ್ಟುಕೊಂಡು ಪೆನ್ನಿನ ಟೋಪಿ ತೆಗೆದಿದ್ದರು. ನಾನು ಏಳು ಕೂಸುಗಳ ವಿಷಯ ಹೇಳಿದೆ.

“ನಾಗರತ್ನ ಜೊತಿಗೇ ಇದ್ರು ಅಂತೀರಿ. ತಮ್ಮ ಅನುಕೂಲಕ್ಕ ಹಂಗ ಹೇಳಿಸಿರಬಾರದ್ಯಾಕ?”

“ನಮ್ಮ ಮನ್ಯಾಗ ನಾಗರತ್ನ ಇರಲಿಲ್ಲ ಸರ್. ನಮ್ಮವ್ವ ಹೆತ್ತ ಮಕ್ಕಳು ಐದು. ಕಾಗದದಾಗ ನಾಕು ಅಂತ ಬರ್ದಾಂವ ನಾನ. ಹೆತ್ತ ಮಗನ ಲೆಕ್ಕನ ತಪ್ಪಿದ ಮ್ಯಾಲೆ ಊರ ಲೆಕ್ಕ ಹೆಂಗ ನಂಬತೀರಿ?”

ನನ್ನ ಕೂಡಿಕೆ ತಪ್ಪು ಎಂದು ಬಾಯಿಬಿಟ್ಟು ಹೇಳಿದ್ದು ನೌಕರಿಯಲ್ಲೇ ಅದು ಮೊದಲು. ಹಾಗೆ ನೋಡಿದರೆ ಅಷ್ಟೇನೂ ಕಷ್ಟವಾಗಲಿಲ್ಲ.

ಡಾಕ್ಟರ್ ಪೆನ್ನಿಗೆ ಟೋಪಿ ಹಾಕಿದರು. ಆಮೇಲೆ ಫೋನು ಹತ್ತಿರ ಎಳೆದುಕೊಂಡು ಹಡಗಲಿಯ ತಮ್ಮ ಮನೆಗೆ ನಂಬರು ತಿರುಗಿಸಿದರು.

“ಅವ್ವಾ, ನಾನು. ಆರಾಮ ಅದೀನಿ. ಒಂದು ಮಾತು ಕೇಳ್ತೀನಿ, ಬೇಜಾರ ಆಗಬ್ಯಾಡ. ನಮ್ಮ ಮನ್ಯಾಗ ಕೈಗೆ ಹತ್ತಲಾರದ್ದು ಏನರ ಐತೇನು?”

ನಾನು ಹೊರಗೆ ಹೋಗಲು ಎದ್ದೆ. ಕೂರಿ ಎಂದು ಕೈಸನ್ನೆ ಮಾಡಿದರು. ಆ ಕಡೆಯಿಂದ ಮಾತು ಬಹಳ ಹೊತ್ತು ಬಂತು. ಇವರು ಒಮ್ಮೆ “ಹೌದಾ?” ಎಂದರು, ಒಮ್ಮೆ ನಕ್ಕರು, ಒಮ್ಮೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಚಹಾ ಕೆನೆಗಟ್ಟಿತು.

ಫೋನಿಟ್ಟವರು ವರ್ಗಾವಣೆಯ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. “ನಾಗರತ್ನರನ್ನ ಕರಿಸ್ರಿ. ಎಲ್ಲಾ ನರ್ಸಮ್ಮಾರಿಗೂ ಹೆಂಗ ಕೇಳಬೇಕು ಅನ್ನೋದನ್ನ ಅವರ ಕಲಿಸ್ಲಿ. ನಿಮಗೂ, ನನಗೂ.”

ನಾನು ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಕರೆದರು.

“ಒಬ್ಬಾಕಿ ಅಕ್ಕ ಇದ್ಲಂತ ನಾಗೇಂದ್ರಪ್ಪ. ಇಷ್ಟು ವರ್ಷ ನಾನ ಹಿರೇಮಗ ಅಂತ ಮೆರಕೋತ ಬಂದೀನಿ ನೋಡ್ರಿ.”