ಮುಖ ನೋಡುವ ಗೇಟು

ಸತ್ತವರ ಮನೆಯ ಮಾತನ್ನು ಹೊರಗಿನವರು ಎತ್ತಾಡಬಾರದು. ಅದೂ ಪೂರ್ತಿ ತಿಳಿಯದ ಮಾತು. ಆದರೂ ಹೇಳಬೇಕಾಗಿದೆ, ಓದುವವರು ಮನ್ನಿಸಬೇಕು.

ಓಣಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಒಂದು ಕಡೆ ಹೊಸ ಕಟ್ಟಡದ ಗೋಡೆ, ಇನ್ನೊಂದು ಕಡೆ ಬಾರ್ಬರ್ ಅಂಗಡಿಯ ಮೆಟ್ಟಿಲು. ಮುಂದೆ ಹೆಗಲು ಕೊಟ್ಟಿದ್ದ ಸತ್ತವನ ತಮ್ಮ ಬೆವರುತ್ತಾ ನಿಂತ.

"ಬದುಕಿದ್ದಾಗಲೂ ಹಿಂಗೇ. ಹೊರಟ್ರೆ ಹತ್ತು ಕಡೆ ನಿಲ್ಲೋನು," ಎಂದ ಬಾರ್ಬರ್. ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು.

"ಮೈದಾನದೊಳಗಿಂದ ಹೋಗೋಣ ಚಿಕ್ಕಪ್ಪ," ಎಂದಳು ಮಗಳು. ಸ್ಮಶಾನವಿದ್ದದ್ದು ಮೈದಾನದ ಆಚೆ ಬದಿಗೆ.

"ಅಲ್ಲಿ ಬಿಡ್ತಾರೇನಮ್ಮಾ?"

"ಅದು ಊರಿನ ಮೈದಾನ. ಕೊನೇ ಸಲನಾದ್ರೂ ಅಪ್ಪ ಒಳಗೆ ಹೋಗ್ಲಿ."

ಸತ್ತವನನ್ನು ಎಲ್ಲರೂ ಸುಣ್ಣದಣ್ಣ ಎನ್ನುತ್ತಿದ್ದರು. ಗೋಡೆಗೆ ಬಣ್ಣ ಬಳಿಯುವ ಕೆಲಸ. ಉಳಿದ ಸುಣ್ಣ ತಂದು ಮೈದಾನದಲ್ಲಿ ಮಕ್ಕಳ ಆಟಕ್ಕೆ ಗೆರೆ ಎಳೆಯುತ್ತಿದ್ದ. ಗೆರೆ ಎಂದೂ ನೆಟ್ಟಗಿರುತ್ತಿರಲಿಲ್ಲ. ಆ ಡೊಂಕಿಗೇ ಮಕ್ಕಳು ಆಟ ಹೊಂದಿಸಿಕೊಂಡಿದ್ದರು.

* * *

ಕಟ್ಟಡಗಳು ಎದ್ದ ಮೇಲೆ ಮೈದಾನಕ್ಕೆ ಬೇಲಿ ಬಂತು, ಹುಲ್ಲುಹಾಸು ಬಂತು, ಮುಖ ನೋಡಿ ತೆರೆಯುವ ಗೇಟು ಬಂತು. ಕಟ್ಟಡದವರ ಸಂಘ ಸುಣ್ಣದಣ್ಣನನ್ನು ಹುಲ್ಲು ಕತ್ತರಿಸಲು ಇಟ್ಟುಕೊಂಡಿತು. ಅವನ ಮುಖವೂ ಯಂತ್ರದೊಳಗೆ ಸೇರಿತು.

"ಕಣ್ಣು ಬಿಡಣ್ಣ. ಮುಚ್ಚಿದ್ರೆ ಅದು ಒಪ್ಪಲ್ಲ," ಎಂದಿದ್ದ ಕಾವಲುಗಾರ.

"ಬಿಟ್ಟೇ ಇದೀನಪ್ಪ, ಇರೋದೇ ಇಷ್ಟು."

ಸಂಜೆ ಅವನು ಮುಖ ತೋರಿಸಿ, ತೆರೆದ ಗೇಟಿಗೆ ಮೈಕೊಟ್ಟು ನಿಲ್ಲುತ್ತಿದ್ದ. ಓಣಿಯ ಮಕ್ಕಳು ಅವನ ಕಂಕುಳಡಿ ನುಸುಳಿ ಒಳಗೆ ಓಡುತ್ತಿದ್ದರು. ಸಂಘಕ್ಕೆ ಗೊತ್ತಾಯಿತು. ಕೆಲಸ ಹೋಯಿತು. ಮುಖ ಅಳಿಸಿದ್ದೇವೆ ಎಂದರು.

ಆಮೇಲೂ ಅವನು ದಿನಾ ಹೋಗಿ ಗೇಟಿನೆದುರು ನಿಲ್ಲುತ್ತಿದ್ದ. ಕೆಂಪು ದೀಪ ಹತ್ತುತ್ತಿತ್ತು. "ಅದಕ್ಕೆ ನನ್ನ ಗುರುತು ಸಿಕ್ತಾ ಇದೆ ಕಣೇ. ಇವತ್ತು ಸ್ವಲ್ಪ ತಡಮಾಡಿ ಬೇಡ ಅಂತು," ಎನ್ನುತ್ತಿದ್ದ ಮನೆಗೆ ಬಂದು.

ಮಗಳು ಹೊಲಿಗೆಯಿಂದ ತಲೆಯೆತ್ತದೆ, "ಊಟ ಮಾಡಪ್ಪ," ಎನ್ನುತ್ತಿದ್ದಳು.

* * *

"ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ," ಎಂದು ಗೇಟಿಗೆ ಬಂದ ಪೆಟ್ಟಿಗೆ ನೋಡಿ ಕಾವಲುಗಾರ ಮಗಳಿಗೆ ಕೈಮುಗಿದ. "ನಾನು ತೆಗೆದ್ರೆ ನಾಳೆ ನಾನೂ ಹೊರಗೆ."

ಬೇಲಿಯಾಚೆ ಹುಲ್ಲಿನ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ನೀರು ಚಿಮ್ಮಿಸುವ ಕೊಳವೆಯೊಂದು ತನ್ನಷ್ಟಕ್ಕೆ ತಿರುಗುತ್ತಿತ್ತು.

"ನೀನು ತೆಗೀಬೇಡ ಬಿಡು," ಎಂದಳು ಮಗಳು. "ಚಿಕ್ಕಪ್ಪ, ತಲೆ ಕಡೆ ಎತ್ತಿ. ಅಪ್ಪನೇ ಕೇಳ್ಲಿ."

"ಹುಚ್ಚು ಹಿಡೀತಾ ನಿಂಗೆ?"

"ಎತ್ತಿ."

ಮುಚ್ಚಳಕ್ಕೆ ಇನ್ನೂ ಮೊಳೆ ಬಿದ್ದಿರಲಿಲ್ಲ. ಚಿಕ್ಕಪ್ಪ ತಲೆಯ ಕಡೆಯನ್ನು ಗೇಟಿನ ಯಂತ್ರದತ್ತ ಎತ್ತಿದಾಗ ಬಾರ್ಬರ್ ಅದನ್ನು ಸರಿಸಿದ. ಬೆಳಿಗ್ಗೆ ಅವನೇ ಬೋಳಿಸಿದ್ದ ಗಲ್ಲ. ಬಾಯಿ ತೆರೆಯದಂತೆ ಮಗಳು ಬಿಗಿದಿದ್ದ ಬಿಳಿ ಪಟ್ಟಿ. ರೆಪ್ಪೆಗಳನ್ನು ಮುಚ್ಚಿದ್ದೂ ಅವಳೇ.

ಕೆಂಪು ದೀಪ ಹತ್ತಿತು. ಆರಿತು. ಕೊಳವೆ ನಿಂತುಹೋಯಿತು. ಆಮೇಲೆ ಹಸಿರು. ಗೇಟು ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು.

"ನಾನಲ್ಲ," ಎಂದು ಕಾವಲುಗಾರ ಎರಡೂ ಖಾಲಿ ಕೈಯೆತ್ತಿ ತೋರಿಸಿದ.

"ನಡೀರಿ, ಅದು ಮನಸ್ಸು ಬದಲಾಯಿಸೋದ್ರೊಳಗೆ," ಎಂದ ಬಾರ್ಬರ್. ಈ ಸಲ ಯಾರೂ ನಗಲಿಲ್ಲ.

ಮೈದಾನದ ನಡುವೆ ಬಂದಾಗ ಚಿಕ್ಕಪ್ಪ ಮೆಲ್ಲಗೆ ಕೇಳಿದ: "ಪೆಟ್ಟಿಗೆ ಹಗುರ ಆಯ್ತಲ್ಲೋ?"

"ಸುಮ್ನೆ ನಡಿ," ಎಂದ ಪಕ್ಕದಲ್ಲಿ ಹೆಗಲು ಕೊಟ್ಟಿದ್ದವನು.

ಕಾವಲುಗಾರ ಮುಂದೆ ಓಡಿ ಹಿಂದಿನ ಬಾಗಿಲಿನ ಹಳೇ ಬೀಗವನ್ನು ಕೀಲಿಯಿಂದ ತೆಗೆದುಕೊಟ್ಟ.

* * *

ಮಣ್ಣು ಮಾಡಿ ಮರಳಿದಾಗ ಗೇಟು ತೆರೆದೇ ಇತ್ತು. ಕಾವಲುಗಾರ ತನ್ನ ಸ್ಟೂಲನ್ನು ರಸ್ತೆಯಾಚೆ ಹಾಕಿಕೊಂಡು ಕೂತಿದ್ದ.

"ಮುಚ್ಕೊಳ್ತಿಲ್ಲ ಅಕ್ಕ. ಮುಖ ತೋರಿಸಿ ಒಳಗೆ ಹೋದ ಒಬ್ರು ಇನ್ನೂ ಹೊರಗೆ ಬಂದಿಲ್ಲವಂತೆ. ಒಳಗೆ ಜನ ಇದ್ರೆ ಅದು ಬೀಗ ಹಾಕ್ಕೊಳ್ಳಲ್ಲ."

ಅವನು ಗೇಟಿನ ಯಂತ್ರದ ಪರದೆಯತ್ತ ಬೆರಳು ತೋರಿಸಿದ, ತಾನು ನೋಡಲಿಲ್ಲ. ಮಗಳು ಹತ್ತಿರ ಹೋಗಿ ನೋಡಿದಳು. ಅಪ್ಪನ ಮುಖ. ಗಲ್ಲಕ್ಕೆ ಬಿಳಿ ಪಟ್ಟಿ. ಕಣ್ಣು ಎರಡೂ ತೆರೆದಿದ್ದವು.

"ಹಳೇ ಫೋಟೋ ಇರ್ಬೇಕಲ್ವಾ ಅಕ್ಕ?"

"ಇರ್ಬೇಕು," ಎಂದಳು.

ಅಷ್ಟರಲ್ಲಿ ಓಣಿಯ ಮಕ್ಕಳು ಒಳನುಗ್ಗಿದ್ದರು. ತಡೆಯುವವರಿರಲಿಲ್ಲ. ಹುಲ್ಲಿನುದ್ದಕ್ಕೂ ಕಿರುಚುತ್ತಾ ಓಡುತ್ತಿದ್ದವರು, ನಡುವಿನ ಒಂದು ಜಾಗ ಬಂದಾಗ ಮಾತ್ರ ಯಾರೋ ನಿಂತಿದ್ದಾರೆ ಎಂಬಂತೆ ಪಕ್ಕಕ್ಕೆ ಬಳಸಿ ಹೋಗುತ್ತಿದ್ದರು. ಅಲ್ಲಿ ಅವರಿಗೆ ಏನು ಕಂಡಿತೋ, ಯಾರೂ ಕೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ.