ಒತ್ತೆಯ ಕುದುರೆ

"ಹುಡುಗನ ಕೇಸು ವಜಾ ಆಯ್ತು ಕಣಮ್ಮಾ. ಹೇಳ್ಹೋಗೋಣ ಅಂತ ಬಂದೆ." ಮುದುಕ ಎಲ್ಜಿ ಹಾರ್ಗಿಸ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಜೂನಿ ಇನ್ನು ನಿಂದೇ ಅಲ್ವಾ, ಚೆನ್ನಾಗಿ ನೋಡ್ಕೊ. ಹಿಂಗಾಲು ಮುಟ್ಟೋಕೆ ಮುಂಚೆ ಒಂಚೂರು ಮಾತಾಡ್ಸು. ಇಲ್ದಿದ್ರೆ ಬೆಚ್ಚಿ ಬೀಳ್ತಾಳೆ."

ವರ್ನಾ ಸ್ಟಾಲ್‌ಕಪ್ ತಲೆಯೆತ್ತಿ ನೋಡಿದಳು. ಒಕ್ಲಹೋಮದ ಆ ಸಣ್ಣ ಊರಿನ ಕೋರ್ಟಿನೆದುರು ಅವಳು ಬಹಳ ವರ್ಷಗಳಿಂದ ಶುಲ್ಕ ಪಡೆದು, ಏನಾದರೂ ಒತ್ತೆಯಿಟ್ಟುಕೊಂಡು ಆರೋಪಿಗಳಿಗೆ ಜಾಮೀನು ಬರೆದುಕೊಡುತ್ತಿದ್ದಳು. ಶುಲ್ಕ ಮಾತ್ರ ತನ್ನದು, ಒತ್ತೆಯಿಟ್ಟದ್ದು ತನ್ನದಲ್ಲ. ಕೇಸು ಮುಗಿದೊಡನೆ ಅದನ್ನು ಹಿಂದಿರುಗಿಸಬೇಕು. ಸಹಿ ಹಾಕಿಸುವ ಮೊದಲೇ ಇದನ್ನು ಬಿಡಿಸಿ ಹೇಳಬೇಕೆಂಬುದು ಕಾನೂನು. ಆದರೆ ಮೊಮ್ಮಗನನ್ನು ಬಿಡಿಸಲು ತನ್ನ ಕುದುರೆ ಜೂನಿಯನ್ನು ಹಿಡಿದುಕೊಂಡು ಓಡಿಬಂದಿದ್ದ ಮುದುಕನಿಗೆ ಅವಳು ಅಂದು ಸಹಿಯ ಜಾಗವನ್ನಷ್ಟೇ ತೋರಿಸಿದ್ದಳು. ಕುದುರೆಯನ್ನು ಕೊಟ್ಟೇಬಿಟ್ಟೆನೆಂದು ಅವನು ತಿಳಿದಿದ್ದ.

ಈಗಲಾದರೂ ಹೇಳಬಹುದಿತ್ತು. ಆದರೆ ರಾಯ್ಸ್ ನೆನಪಾದ. ಲಕ್ವ ಹೊಡೆದಂದಿನಿಂದ ಕುರ್ಚಿ ಬಿಟ್ಟೇಳದಿದ್ದ ಗಂಡ, ಜೂನಿ ಬಂದ ಮೇಲೆ ಬೆಳಿಗ್ಗೆ ತಾನಾಗಿಯೇ ಬೇಲಿಯವರೆಗೆ ನಡೆಯುತ್ತಿದ್ದ. ಎಡಗೈಯಲ್ಲಿ ಕುದುರೆಯ ಮೈ ಉಜ್ಜುತ್ತ, ಅರ್ಧಂಬರ್ಧ ಮಾತಿನಲ್ಲಿ ಬೈಯುತ್ತಿದ್ದ.

"ನೋಡ್ಕೋತೀನಿ," ಎಂದಳು ವರ್ನಾ.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ತಾಯಿ."

ಬೇಸಿಗೆ ಕಳೆಯಿತು. ಎಲೆ ಉದುರುವ ಕಾಲದಲ್ಲಿ ಒಂದು ದಿನ ರಾಯ್ಸ್ ಜೂನಿಯ ಕುತ್ತಿಗೆಗೆ ಒರಗಿ ನಿಂತು ಕೇಳಿದ: "ಕೇಸು... ಇನ್ನೂ... ಇದ್ಯಾ?"

ಅವನಿಗೆ ಸುಳ್ಳು ಹೇಳಲು ಅವಳಿಂದಾಗಲಿಲ್ಲ. "ಯಾವಾಗ್ಲೋ ಮುಗೀತು."

ರಾಯ್ಸ್ ಬ್ರಷ್ಷನ್ನು ಬೇಲಿಗೆ ಸಿಕ್ಕಿಸಿದ. "ಕೊಟ್... ಬಿಡು," ಎಂದು ಹೇಳಿ, ಕುಂಟುತ್ತ ಒಳಗೆ ಹೋದ. ಮರುದಿನ ವರ್ನಾ ಕುದುರೆಯನ್ನು ಗಾಡಿಗೆ ಹತ್ತಿಸುವಾಗ ಅವನು ಹೊರಗೆ ಬರಲೇ ಇಲ್ಲ.

ಎಲ್ಜಿಯ ಮನೆಯ ಹಿಂದೆ ಮೊದಲಿದ್ದ ಹುಲ್ಲುಗಾವಲು ಈಗ ಇರಲಿಲ್ಲ. ಅಲ್ಲಿ ಯಾರದೋ ಹೊಸ ಮನೆಗೆ ಪಾಯ ತೋಡಿದ್ದರು. ಮುದುಕ ಜಗಲಿಯಿಂದಿಳಿದು ಬಂದು, ಗಾಡಿಯೊಳಗೆ ಇಣುಕಿದ.

"ಇವಳು ಯಾವತ್ತೂ ನನ್ನೋಳಾಗಿರ್ಲಿಲ್ಲ, ಹಾರ್ಗಿಸ್ ಅವರೇ. ಕೇಸು ಮುಗಿದ ತಕ್ಷಣ ನಿಮಗೆ ವಾಪಸ್ ಕೊಡ್ಬೇಕಿತ್ತು."

"ನಾನು ಬಂದಿದ್ನಲ್ಲ, ಅವತ್ತು ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಾನೊಬ್ಬ ಪೆದ್ದ, ನಿನ್ನ ಹರಸಿ ಬೇರೆ ಬಂದೆ." ಅವನು ಪಾಯದತ್ತ ಕೈ ತೋರಿಸಿದ. "ಕುದುರೇನೇ ಇಲ್ಲ, ಹುಲ್ಲು ಯಾರಿಗೆ ಅಂತ ಮಾರ್ಬಿಟ್ಟೆ. ಅವಳಿಲ್ದೆ ಆ ಜಾಗ ನೋಡೋಕೂ ಆಗ್ತಿರ್ಲಿಲ್ಲ."

"ನಮ್ಮಲ್ಲೇ ಇರ್ಲಿ. ನಿಮ್ಮ ಹೆಸರಲ್ಲೇ. ಬೇಕಾದಾಗ ಬಂದು ನೋಡ್ಕೊಂಡು..."

"ಇಳಿಸಮ್ಮಾ."

ವರ್ನಾ ಹಗ್ಗ ಅವನ ಕೈಗಿತ್ತಳು. ಅವನು ತಿರುಗಿ, ಕುದುರೆಯನ್ನು ಜಗಲಿಯ ಕಂಬಕ್ಕೆ ಕಟ್ಟಿದ.

ಅವಳು ಗಾಡಿ ತಿರುಗಿಸಿಕೊಂಡು ರಸ್ತೆಗಿಳಿಯುವ ಹೊತ್ತಿಗೆ ಎಲ್ಜಿ ಅಡುಗೆಮನೆಯಿಂದ ಬೀನ್ಸ್ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ನೀರು ತಂದಿದ್ದ. ಜೂನಿ ಮೂತಿಯನ್ನು ಅದರೊಳಗೆ ಪೂರ್ತಿ ಇಳಿಸಲಾಗದೆ ಒದ್ದಾಡುತ್ತಿದ್ದಳು. ಮುದುಕ ಮಂಡಿಯೂರಿ ಕುಳಿತು, ಪಾತ್ರೆಯನ್ನು ಎರಡೂ ಕೈಯಿಂದ ಅವಳತ್ತ ಓರೆಮಾಡಿ ಹಿಡಿದುಕೊಂಡಿದ್ದ. ನೀರು ಅವನ ತೋಳಿನುದ್ದಕ್ಕೂ ಇಳಿಯುತ್ತಿತ್ತು.