ಆರೋನನ ಪಾಲಿನ ಬಟ್ಟಲು

ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿದೆ. ಕೀಲಿಗಳ ಸಂದಿಯಲ್ಲಿ ಸಭೆಗಳಲ್ಲಿ ಕುಡಿಯುವ 'ಅವ' ಎಂಬ ಬೇರಿನ ನೀರು ಒಣಗಿ, ನೆರೆ ಇಳಿದ ಮೇಲೆ ಹೊಳೆದಂಡೆಯಲ್ಲಿ ಉಳಿಯುವ ಕೆಸರಿನ ಬಣ್ಣ ಪಡೆದಿದೆ. ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರು, ಅರ್ಧ ಸುಲಿದ ಬಾಳೆಹಣ್ಣು. ಕಿಟಕಿಯಿಂದ ಬಿದ್ದ ಬಿಸಿಲು ಕೀಲಿಗಳ ಮೇಲೆ ಹರಡಿ, ಪರದೆಯ ಕಪ್ಪನ್ನು ಮುಟ್ಟುವ ಮೊದಲೇ ನಿಂತಿದೆ. ಏನೂ ಅಲುಗುವುದಿಲ್ಲ.

ನಮ್ಮ ದ್ವೀಪದ ಫುಗಾಲೆ ಮಾರುಕಟ್ಟೆಯ ಹಿಂದಿರುವ ಈ ರಿಪೇರಿ ಅಂಗಡಿ ಫಿಯಾಳದು. ನಾನೂ ನನ್ನ ಅಳಿಯ ಮಾಸೆಯೂ ಅವಳೆದುರು ಸ್ಟೂಲುಗಳ ಮೇಲೆ ಕುಳಿತಿದ್ದೆವು.

"ಲ್ಯಾಪ್‌ಟಾಪಿಗೆ ಯಾರಾದ್ರೂ 'ಅವ' ಕುಡಿಸ್ತಾರೇನೋ?" ಎಂದಳು ಫಿಯಾ.

"ಅದಕ್ಕಲ್ಲ ಮಾರಾಯ್ತಿ, ಅದರೊಳಗೆ ಕೂತಿದ್ದೋರಿಗೆ," ಎಂದ ಮಾಸೆ. "ನಿನ್ನ ಬಾಯಿಗೆ ಹಾಕಿದ್ರೆ ಇಷ್ಟು ಮಾತಾದ್ರೂ ನಿಲ್ತಿತ್ತು."

ಒಳಗೆ ಕುಳಿತಿದ್ದವನು ನನ್ನ ಅಣ್ಣ ಆರೋನ. ಆಕ್ಲೆಂಡಿನ ಆಸ್ಪತ್ರೆಯಲ್ಲಿ ಮಲಗಿದ್ದವನನ್ನು ಬಿಟ್ಟು ಮನೆತನದ ಸಭೆ ಕೂಡುವುದು ಹೇಗೆ? ವೀಡಿಯೊ ಕರೆ ಮಾಡಿ, ಸಭೆಯ ಮನೆಯಲ್ಲಿ ಅವನು ಒರಗುತ್ತಿದ್ದ ಕಂಬದ ಬುಡದಲ್ಲಿ, ಚಾಪೆಯ ಮೇಲೆ ಲ್ಯಾಪ್‌ಟಾಪನ್ನು ಇರಿಸಿದೆವು. ನರ್ಸ್ ಕೊಟ್ಟ ನೀರಿನ ಲೋಟ ತೋರಿಸಿ, "ನಿಮ್ಮ ಜೊತೆ ನಾನೂ ಕುಡೀತೀನಿ, ಕರೀರಿ," ಎಂದಿದ್ದ. ಒಬ್ಬೊಬ್ಬರ ಹೆಸರು ಕೂಗಿ ಬಟ್ಟಲು ಕೊಡುವುದು, ಕುಡಿಯುವ ಮುನ್ನ ಅವರು ನೆಲಕ್ಕೆ ಹನಿ ಬಿಡುವುದು ನಮ್ಮ ವಾಡಿಕೆ. ಅಣ್ಣನ ಹೆಸರು ಕೂಗಿದಾಗ ಮಾಸೆ ಬಟ್ಟಲನ್ನು ಅಲ್ಲಿಗೇ ಒಯ್ದು, ಬಾಗಿ, ಅಣ್ಣನ ಪರವಾಗಿ ನೆಲಕ್ಕೆ ಹನಿ ಬಿಡಹೋದ. ಬಟ್ಟಲು ವಾಲಿತು. ಪರದೆ ಕಪ್ಪಾಯಿತು. ಎಲ್ಲರೂ ಒಮ್ಮೆಲೇ ಎದ್ದು ಕೂಗಾಡಿದರು. ನಾನು ಅದನ್ನು ಬೋರಲು ಹಾಕಿ, ಕೊಡವಿ, ಮುಚ್ಚಿಬಿಟ್ಟೆ.

ಬೆಳಗಾಗುವಾಗ ಅಣ್ಣ ತೀರಿಕೊಂಡಿದ್ದ. ಅವನನ್ನು ಅಲ್ಲಿಯೇ ಮಣ್ಣು ಮಾಡಿದರು. ಹಲ್ಲು ಕೀಳಿಸಿಕೊಂಡ ದವಡೆಯಂತೆ ನನ್ನ ಮನಸ್ಸು ಜೋಮು ಹಿಡಿದಿತ್ತು. ನೋವು ಎಲ್ಲೋ ಇರಬೇಕು, ನಾಲಗೆ ತಾಗಿಸಿದರೂ ತಿಳಿಯುತ್ತಿರಲಿಲ್ಲ. ಒಂದೇ ಪ್ರಶ್ನೆ ಉಳಿದಿತ್ತು: ಹೆಸರು ಹಿಡಿದು ಕರೆದ ಬಟ್ಟಲು ಅವನನ್ನು ತಲುಪಿತೇ, ಇಲ್ಲವೇ?

ಫಿಯಾ ಗುಂಡಿ ಒತ್ತಿದಳು. ಒಳಗೆ ಫ್ಯಾನು ತಿರುಗಿದ ಸದ್ದು. ಪರದೆ ಮಾತ್ರ ಕಪ್ಪು.

"ಸತ್ತಿಲ್ಲ ಅಜ್ಜ, ಉಸಿರಾಡ್ತಿದೆ," ಎಂದು ಟಾರ್ಚು ಹೊತ್ತಿಸಿ ಗಾಜಿಗೆ ಓರೆಯಾಗಿ ಹಿಡಿದಳು. "ಇಲ್ಲಿ ಬಗ್ಗಿ ನೋಡಿ."

ಬಗ್ಗಿದೆ. ಕೊಳದ ತಳದಲ್ಲಿರುವಂತೆ, ಅಕ್ಷರಗಳು, ಚೌಕಗಳು.

"ಚಿತ್ರ ಬರ್ತಾನೇ ಇದೆ. ಅದರ ಹಿಂದೆ ಉರಿಯೋ ದೀಪ ಹೋಗಿದೆ, ಅಷ್ಟೇ. ಮಡಚೋ ಕೀಲಿನ ಹತ್ರ ನೀರು ಇಳಿದು ಫ್ಯೂಸ್ ಸುಟ್ಟಿರಬೇಕು."

"ಹಾಗಾದರೆ ಅವತ್ತು, ಕಪ್ಪಾದ ಮೇಲೂ..."

"ನೀವು ಮುಚ್ಚೋವರೆಗೂ ನಡೀತಾನೇ ಇತ್ತು."

ಬರಲಾಗದ ನೆಂಟರಿಗೆಂದು ಆ ಕರೆಯನ್ನು ರೆಕಾರ್ಡ್ ಮಾಡುತ್ತಿದ್ದೆವು. ಅದನ್ನು ಹುಡುಕಲು ಹೇಳಿದೆ.

"ದೊಡ್ಡ ಸ್ಕ್ರೀನ್ ಜೋಡಿಸ್ತೀನಿ ಅಜ್ಜ, ಚೆನ್ನಾಗಿ ಕಾಣುತ್ತೆ."

"ಬೇಡಮ್ಮ. ಅವನು ಕೂತಿದ್ದ ಜಾಗ ಇದೇ."

ಅವಳು ಟಾರ್ಚನ್ನು ಅಲುಗಾಡದಂತೆ ಹಿಡಿದಳು. ಆರೋನ ಬೂದಿ ಬಣ್ಣದಲ್ಲಿ ಮೂಡಿದ. ನಮ್ಮ ಕಡೆಯ ಕೂಗಾಟ ಕೇಳಿಸಿತು. ಅಲ್ಲಿ ಅವನು ಗಾಬರಿಯಾಗಲಿಲ್ಲ. ಲೋಟ ಎತ್ತಿ, ಹಾಸಿಗೆಯ ಅಂಚಿನಾಚೆ ನಾಲ್ಕು ಹನಿ ಬಿಟ್ಟು, "ಮನುಯಾ," ಎಂದ. ಕುಡಿಯುವವನು ಹರಸುವ ಮಾತು. "ಸೊಯಿಫುವಾ," ಎಂದು ಸಭೆ ಮರುನುಡಿಯಬೇಕು. ಅವನು ಕುಡಿದು, ಲೋಟ ಹಿಡಿದೇ ಕಾದ. ಕೂಗಾಟದ ನಡುವೆ ಕತ್ತು ಚಾಚಿ ಕಿವಿಗೊಟ್ಟ. ಆಮೇಲೆ ಮೂಲೆಯಲ್ಲಿದ್ದ ನಮ್ಮ ಕಡೆಯ ಚಿತ್ರಕ್ಕೆ ನನ್ನ ಅಂಗೈ ಅಡ್ಡ ಬಂತು. ಮುಗಿಯಿತು.

"ಸೊಯಿಫುವಾ," ಎಂದೆ. ಬಸ್ಸಿನಲ್ಲಿ ಟಿಕೆಟು ಕೇಳುವ ದನಿಯೇ ಬಂತು. ಕಣ್ಣು ಒಣಗಿಯೇ ಇತ್ತು.

ಫಿಯಾ ಟಾರ್ಚು ಆರಿಸಿ, ಬಾಳೆಹಣ್ಣನ್ನು ಸುಮ್ಮನೆ ಅತ್ತ ಸರಿಸಿದಳು. "ಫ್ಯೂಸ್ ಹಾಕ್ತೀನಿ. ಶುಕ್ರವಾರ ಬನ್ನಿ," ಎಂದಳು.

ಮಾಸೆ ಎದ್ದ. ನನ್ನ ಭುಜದ ಬಳಿ ಕೈ ತಂದು, ಮುಟ್ಟದೆ ಹಿಂತೆಗೆದ. ಅದು ಬಟ್ಟಲು ಹಿಡಿದಿದ್ದ ಕೈ. ಚಪ್ಪಲಿಗೆ ಕಾಲು ತೂರಿಸಿ ಹೊರನಡೆದ. ಅವನ ಹಿಂದೆ ಬಾಗಿಲು ಮುಚ್ಚಿಕೊಂಡಿತು.